ಅಂಗೈಯಷ್ಟು ಮುಖ

ಓಬವ್ವ ನಮ್ಮೂರ ಮಗಳು ಎನ್ನುತ್ತಾರೆ ಗುಡೇಕೋಟೆಯವರು. ಚಿತ್ರದುರ್ಗದವರಿಗೆ ಅವಳು ಸೊಸೆ, ಹುಟ್ಟಿದ್ದು ಮಾತ್ರ ಇಲ್ಲೇ ಎಂಬುದು ಊರಿನ ಮಾತು. ಅವಳನ್ನು ಕಣ್ಣಾರೆ ಕಂಡು ಯಾರೂ ಚಿತ್ರ ಬರೆದಿಟ್ಟಿಲ್ಲ. ಆದರೂ ಶಾಲೆಯ ಗೋಡೆಯ ಮೇಲೆ, ಓಬವ್ವ ಜಯಂತಿಯ ಬ್ಯಾನರಿನಲ್ಲಿ, ಪಠ್ಯಪುಸ್ತಕದಲ್ಲಿ ಅವಳು ಒನಕೆ ಎತ್ತಿ ನಿಂತೇ ಇದ್ದಾಳೆ. 1972ರಲ್ಲಿ ‘ನಾಗರಹಾವು’ ಬಂದ ಮೇಲೆ ಆ ಮುಖ ನಟಿ ಜಯಂತಿಯವರ ಕಡೆಗೆ ಕೊಂಚ ವಾಲಿದೆ ಅಂತ ನನ್ನ ಗುಮಾನಿ. ಮುಖದ ಮಾತು ಬಿಡಿ, ಮೈ ನೋಡಿ. ತಲೆಯ ಉದ್ದವನ್ನೇ ಅಳತೆಯಾಗಿಟ್ಟುಕೊಂಡು ಕೆಳಗಿಳಿದರೆ ಪಾದದ ಹೊತ್ತಿಗೆ ಏಳೂವರೆ ತಲೆ, ಇಲ್ಲವೇ ಎಂಟು. ಒಂದು ಕಾಲಿನ ಮೇಲೆ ಭಾರ ಬಿದ್ದಿರುತ್ತದೆ, ಇನ್ನೊಂದು ಸಡಿಲ. ಸೊಂಟ ಒಂದು ಕಡೆ ಏರಿದರೆ ಹೆಗಲು ಅದೇ ಕಡೆ ಇಳಿದಿರುತ್ತದೆ. ಡ್ರಾಯಿಂಗ್ ಮೇಷ್ಟ್ರುಗಳು ಬೋರ್ಡಿನ ಮೇಲೆ ಎಂಟು ಗೆರೆ ಎಳೆದು ಹೇಳಿಕೊಡುವ ಮೈ ಇದು. ಹದಿನೆಂಟನೇ ಶತಮಾನದ ದುರ್ಗದ ಕಾವಲುಗಾರನ ಹೆಂಡತಿಗೆ ಈ ಮೈ ಎಲ್ಲಿಂದ ಬಂತು?

ಗ್ರೀಸಿನಿಂದ, ಲಂಡನ್ನಿನ ಮೇಲೆ ಹಾದು ಬಂತು. ಆ ದಾರಿಯನ್ನು ಹಿಡಿದು ಹಿಂದಕ್ಕೆ ಹೋದರೆ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲೇ ನಿಂತಿದ್ದ ಇನ್ನೊಂದು ಮೈಯ ಅಳತೆ ಎಷ್ಟು ತಡವಾಗಿ, ಎಷ್ಟು ಸುತ್ತು ಬಳಸಿ ಪತ್ತೆಯಾಯಿತು ಎಂಬುದೂ ಗೊತ್ತಾಗುತ್ತದೆ.

ಕ್ರಿಸ್ತಪೂರ್ವ ಐದನೇ ಶತಮಾನದಲ್ಲಿ ಪಾಲಿಕ್ಲೀಟಸ್ ಎಂಬ ಗ್ರೀಕ್ ಶಿಲ್ಪಿ ಮನುಷ್ಯನ ಮೈಗೆ ಒಂದು ಲೆಕ್ಕ ಕಟ್ಟಿ, ಅದರ ಮೇಲೆ ಪುಸ್ತಕ ಬರೆದ. ಆ ಲೆಕ್ಕಕ್ಕೆ ಸರಿಯಾಗಿ ಈಟಿ ಹಿಡಿದ ಯುವಕನ ಕಂಚಿನ ಮೂರ್ತಿಯನ್ನೂ ಎರಕ ಹೊಯ್ದ. ಪುಸ್ತಕ ಕಳೆದುಹೋಯಿತು, ಮೂಲ ಮೂರ್ತಿಯೂ ಹೋಯಿತು. ಶಿಲ್ಪಿಗಳು ಅದನ್ನೇ ಪ್ರಮಾಣವಾಗಿ ಇಟ್ಟುಕೊಂಡಿದ್ದರು ಎಂದು ರೋಮಿನ ಪ್ಲಿನಿ ಬರೆದದ್ದು ಉಳಿಯಿತು. ಬೆರಳಿಗೆ ಬೆರಳು, ಬೆರಳುಗಳಿಗೆ ಅಂಗೈ, ಅಂಗೈಗೆ ಮುಂಗೈ ಹೀಗೆ ಒಂದಕ್ಕೊಂದು ಹೊಂದುವುದರಲ್ಲಿ ಚೆಲುವಿದೆ ಎಂಬುದು ಆ ಪುಸ್ತಕದ ತಿರುಳು ಎಂದು ವೈದ್ಯ ಗ್ಯಾಲನ್ ಹೇಳಿದ್ದೂ ಉಳಿಯಿತು. 1797ರಲ್ಲಿ ಪಾಂಪೆಯ ಅಗೆತದಲ್ಲಿ ಅಮೃತಶಿಲೆಯ ಯುವಕನೊಬ್ಬ ಸಿಕ್ಕಿ ನೇಪಲ್ಸಿನ ಮ್ಯೂಸಿಯಂ ಸೇರಿದ. ಯಾವನೋ ಒಬ್ಬ ಜಟ್ಟಿ ಎಂದುಕೊಂಡು ಅರವತ್ತಾರು ವರ್ಷ ಜನ ಅವನ ಮುಂದೆ ಹಾದುಹೋದರು. 1863ರಲ್ಲಿ ಕಾರ್ಲ್ ಫ್ರೀಡೆರಿಕ್ಸ್ ಎಂಬ ಜರ್ಮನ್ ವಿದ್ವಾಂಸ, ಇವನೇ ಆ ಈಟಿಗಾರನ ರೋಮನ್ ನಕಲು ಎಂದು ಗುರುತಿಸಿದ. ಹೆಸರು ಒಂದು ಕಡೆ, ಕಲ್ಲು ಇನ್ನೊಂದು ಕಡೆ ಇದ್ದವು. ಎರಡನ್ನೂ ಎದುರುಬದುರು ಇಟ್ಟು ನೋಡಿದ್ದೇ ಅವನ ಸಾಧನೆ.

ವಿಕ್ಟೋರಿಯಾ ರಾಣಿಯ ಕಾಲದ ಕಲಾಶಾಲೆಗಳು ಫ್ರೀಡೆರಿಕ್ಸ್‌ಗಾಗಿ ಕಾದಿರಲಿಲ್ಲ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಹುಡುಗರು ಮೊದಲು ಪ್ಲಾಸ್ಟರಿನ ಗ್ರೀಕ್, ರೋಮನ್ ದೇವತೆಗಳ ಮುಂದೆ ಕೂತು ಸೀಮೆಸುಣ್ಣದಲ್ಲಿ ಚುಕ್ಕಿ ಚುಕ್ಕಿಯಾಗಿ ನೆರಳು ತುಂಬಬೇಕು. ಕೈ ಪಳಗಿತು ಎಂದು ಗುರುಗಳಿಗೆ ಅನ್ನಿಸಿದ ಮೇಲೆ ಮಾತ್ರ ಜೀವಂತ ಮನುಷ್ಯನನ್ನು ಕೂರಿಸಿ ಬರೆಯುವ ಕೋಣೆಗೆ ಪ್ರವೇಶ. ಅಷ್ಟು ಹೊತ್ತಿಗೆ ಕಣ್ಣಿಗೆ ಅಪೋಲೋ ಅಂಟಿಕೊಂಡಿರುತ್ತಿದ್ದ. ಎದುರಿಗೆ ಕೂತ ಕೂಲಿಯವನ ಬೊಜ್ಜು, ಗೂನು, ಸೊಟ್ಟಗಾಲು ಎಲ್ಲವೂ ಕಾಗದದ ಮೇಲೆ ತಾವಾಗಿ ನೆಟ್ಟಗಾಗುತ್ತಿದ್ದವು. ಊರೂರಿನ ಡ್ರಾಯಿಂಗ್ ಶಾಲೆಗಳಿಗಾಗಿ ರಿಚರ್ಡ್ ರೆಡ್‌ಗ್ರೇವ್ 23 ಮೆಟ್ಟಿಲುಗಳ ಪಾಠಕ್ರಮ ಕಟ್ಟಿದ. ಗೆರೆ, ಜ್ಯಾಮಿತಿ, ಹೂಬಳ್ಳಿ, ಪ್ಲಾಸ್ಟರು, ಆಮೇಲೆ ಮನುಷ್ಯ. ಮದ್ರಾಸು, ಕಲಕತ್ತೆ, ಮುಂಬಯಿಗಳಲ್ಲಿ 1850ರ ದಶಕದಲ್ಲಿ ಹುಟ್ಟಿದ ಕಲಾಶಾಲೆಗಳಿಗೆ ಈ ಪಾಠದ ಬೆನ್ನಿಗೇ ಪ್ಲಾಸ್ಟರಿನ ದೇವತೆಗಳೂ ಹಡಗು ಹತ್ತಿ ಬಂದರು. ನಮ್ಮಲ್ಲಿ ಇಂದಿಗೂ ನಡೆಯುವ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಆ ಮೆಟ್ಟಿಲುಗಳ ಮೊಮ್ಮಗು. ಶಾಲೆಗೆ ಹೋಗದವರಿಗೆ ಅದೇ ಮೈ ರವಿವರ್ಮನ ಅಚ್ಚಿನ ಪಟಗಳಲ್ಲಿ ಸೀರೆ ಉಟ್ಟು, ಲಕ್ಷ್ಮಿ ಸರಸ್ವತಿಯರಾಗಿ ಮನೆಯ ಜಗಲಿಗೇ ಬಂತು. ಅಲ್ಲಿಂದ ಓಬವ್ವನಿಗೆ ಒಂದೇ ಹೆಜ್ಜೆ.

ಈ ಕಣ್ಣಿಗೆ ನಮ್ಮ ಶಿಲ್ಪ ಹೇಗೆ ಕಂಡೀತು? 1858ರ ಜನವರಿಯಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಮಾತಾಡುತ್ತ ಜಾನ್ ರಸ್ಕಿನ್, ಭಾರತೀಯರ ಬಣ್ಣಗಾರಿಕೆ, ನೇಯ್ಗೆ ಸೊಗಸು, ಆದರೆ ಅವರ ಕಲೆ ಪ್ರಕೃತಿಯನ್ನು ಇದ್ದಂತೆ ಬರೆಯುವುದೇ ಇಲ್ಲ ಎಂದ. ಹಿಂದಿನ ವರ್ಷವಷ್ಟೇ ಸಿಪಾಯಿ ದಂಗೆ ಆಗಿತ್ತು. ಸಿಟ್ಟು ಕಲೆಯ ಮೇಲೂ ತಿರುಗಿತು ಅನ್ನಿಸುತ್ತದೆ. ಅವನ ಮಾತಿನಲ್ಲಿ ಸಿಟ್ಟಿಗಿಂತ ಕೆಟ್ಟದ್ದೊಂದಿತ್ತು. ಇವರಿಗೆ ಅಲಂಕಾರ ಗೊತ್ತು, ಮನುಷ್ಯನ ಮೈ ಗೊತ್ತಿಲ್ಲ ಎಂಬ ತೀರ್ಪು ಅದು. ಮುಂದೆ ಐವತ್ತು ವರ್ಷ ಅದನ್ನೇ ಎಲ್ಲರೂ ಗಿಳಿಪಾಠ ಮಾಡಿದರು.

ಇನ್ನು ನಮ್ಮ ಸೀಮೆಗೆ ಬರೋಣ. ಗುಡೇಕೋಟೆಯ ಸುತ್ತ ಬೆಟ್ಟದ ಮೇಲೆ ಬೆಟ್ಟ ಪೇರಿಸಿಟ್ಟ ಬಂಡೆಗಳಿವೆ, ಪಾಳೇಗಾರರ ಕೋಟೆ ಇದೆ, ಕರಡಿಗಳಿವೆ. ಕಲ್ಲು ಮನುಷ್ಯರ ಮೈ ತಾಳಿದ್ದು ನೋಡಬೇಕಾದರೆ ಪಡುವಲಿಗೆ ಹೋಗಬೇಕು. ಕೂಡ್ಲಿಗಿ, ಕೊಟ್ಟೂರು ದಾಟಿದರೆ ಕಪ್ಪು ಕಲ್ಲಿನ ನುಣುಪು ಕಂಬಗಳ ಕಲ್ಯಾಣ ಚಾಲುಕ್ಯರ ನಾಡು ಶುರು. ಬಾಗಳಿ, ನೀಲಗುಂದ, ಹೂವಿನಹಡಗಲಿ, ಹಿರೇಹಡಗಲಿ, ಮಾಗಳ, ತುಂಗಭದ್ರೆಯ ದಂಡೆಯ ಕುರುವತ್ತಿ. ಬ್ರಿಟಿಷರ ಕಾಲದಲ್ಲಿ ಇದೆಲ್ಲ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಮದ್ರಾಸಿನ ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ ಈ ಗುಡಿಗಳನ್ನು ಒಂದೊಂದಾಗಿ ಅಳೆಯಿಸಿ, ಬರೆಯಿಸಿ 1896ರಲ್ಲಿ ‘ಚಾಲುಕ್ಯನ್ ಆರ್ಕಿಟೆಕ್ಚರ್’ ಎಂಬ ದೊಡ್ಡ ಪುಸ್ತಕ ತಂದ. ಬಳ್ಳಾರಿ ಜಿಲ್ಲೆಯ ಉದಾಹರಣೆಗಳು ಎಂದು ಅದರ ಹೆಸರಿನಲ್ಲೇ ಇದೆ. ಅದಕ್ಕೂ ಮೂವತ್ತು ವರ್ಷ ಮುಂಚೆ, 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಧಾರವಾಡ ಮೈಸೂರುಗಳ ಗುಡಿಗಳ ಫೋಟೋ ಪುಸ್ತಕ ತಂದಿದ್ದರು. ಆದರೆ ಅಂಗುಲ ಅಂಗುಲ ಅಳೆದ ಕೆಲಸ ಎಂದರೆ ರೀಯದು.

ರೀಯ ಪುಸ್ತಕದ ಹಾಳೆ ಮಗುಚಿದರೆ ಆ ಕಾಲದ ತರಬೇತಿ ಎಷ್ಟು ಒಳ್ಳೆಯದೋ ಅಷ್ಟೂ ಕಾಣುತ್ತದೆ. ಅಧಿಷ್ಠಾನದ ಪಟ್ಟಿಕೆಗಳ ಉಬ್ಬುತಗ್ಗು, ಬಾಗಿಲವಾಡದ ಬಳ್ಳಿ, ತಿರುಗಣೆಗೆ ಹಾಕಿ ನುಣುಪು ಮಾಡಿದ ಕಂಬದ ಬಳೆಗಳು, ಇವುಗಳ ಗೆರೆಯಲ್ಲಿ ಒಂದು ಕೂದಲೂ ಜಾರಿಲ್ಲ. ಇವತ್ತು ಕೆಲವು ಕಲ್ಲು ಬಿದ್ದುಹೋದ ಕಡೆ ಅದು ಹೇಗಿತ್ತೆಂದು ಹೇಳಲು ಇಂಥ ಹಾಳೆಗಳೇ ಗತಿ. ಅವನಿಗೆ ನಾವು ಋಣಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಳತೆ ಬಂದದ್ದು ಕಟ್ಟಡಕ್ಕೆ. ಮನುಷ್ಯಾಕೃತಿ ಬಂದಾಗ ಅದು ಕಟ್ಟಡದ ಮೇಲಿನ ಅಲಂಕಾರ. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಬಾಗಿಲ ಕಂಬಗಳಿಂದ ಹೊರಚಾಚಿ, ಬಳ್ಳಿಯ ಬಳಸಿನೊಳಗೆ ನಿಂತ ಆ ಮದನಿಕೆಯರನ್ನು ಎಲ್ಲರೂ ಹೊಗಳಿದರು. ಬೇಲೂರಿನ ಮದನಿಕೆಯರಿಗೆ ಇವರು ಅಕ್ಕಂದಿರು ಎಂದು ಮುಂದಿನ ಇತಿಹಾಸಕಾರರೂ ಒಪ್ಪಿದರು. ಅವರ ಮೈಗೆ ಒಂದು ಲೆಕ್ಕ ಇರಬಹುದೇ ಎಂದು ದಾರ ಹಿಡಿದು ನೋಡುವ ಯೋಚನೆ ಆಗಿನ ಸರ್ವೆಯ ಕೆಲಸದೊಳಗೆ ಇರಲಿಲ್ಲ.

ಇದರಲ್ಲಿ ಒಂದು ಸೋಜಿಗವಿದೆ. ಕಂಬದ ಲೆಕ್ಕ ರೀಯ ಪುಸ್ತಕಕ್ಕಿಂತ ಅರವತ್ತು ವರ್ಷ ಮುಂಚೆಯೇ ಪತ್ತೆಯಾಗಿತ್ತು, ಅದೂ ಬೆಂಗಳೂರಿನಲ್ಲಿ ಕೂತವರಿಂದ. ತಂಜಾವೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮ್ ರಾಜ್ ‘ಮಾನಸಾರ’ ಮೊದಲಾದ ಶಿಲ್ಪಶಾಸ್ತ್ರಗಳ ಹರಕು ಪ್ರತಿಗಳನ್ನು ಕಲೆಹಾಕಿ, ಅರ್ಥವಾಗದ ಕಡೆ ಕಸುಬಿನವರನ್ನು ಕೇಳಿ, ಹಿಂದೂ ವಾಸ್ತುವಿನ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದರು. ಅವರು ತೀರಿಕೊಂಡ ಮೇಲೆ, 1834ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿ ಅದನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿತು. ಗ್ರೀಕರ ಕಂಬಗಳಿಗೆ ಡೋರಿಕ್, ಅಯೋನಿಕ್ ಎಂಬ ಕ್ರಮಗಳಿದ್ದಂತೆ ನಮ್ಮ ಕಂಬಗಳಿಗೂ ಬುಡಕ್ಕೂ ಎತ್ತರಕ್ಕೂ ಬೆಸೆದ ಲೆಕ್ಕವಿದೆ ಎಂದು ಅವರು ತೋರಿಸಿದ್ದು ಯುರೋಪಿನವರ ಕಣ್ಣು ತೆರೆಸಿತು. ಅದೇ ‘ಮಾನಸಾರ’ದಲ್ಲಿ ಮೂರ್ತಿಗಳ ತಾಳಮಾನದ, ಅಂದರೆ ಮೈಯಳತೆಯ, ಅಧ್ಯಾಯಗಳೂ ಇವೆ. ರಾಮ್ ರಾಜರು ಕಟ್ಟಡಕ್ಕೆ ನಿಂತರು. ಅವರನ್ನು ದೂರುವಂತಿಲ್ಲ, ಸರ್ಕಾರಿ ಕೆಲಸದ ನಡುವೆ ಅಷ್ಟು ಮಾಡಿದ್ದೇ ಹೆಚ್ಚು. ಆದರೆ ಓಲೆಯ ಮುಂದಿನ ಗರಿ ತಿರುಗಿಸುವವರು ಬಹಳ ಕಾಲ ಯಾರೂ ಬರಲಿಲ್ಲ.

ತಿರುಗಿಸುವಂತೆ ಮಾಡಿದ್ದು ಒಂದು ಅವಮಾನ. 1910ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಇ.ಬಿ. ಹಾವೆಲ್ ಭಾರತೀಯ ಕಲೆಯ ಮೇಲೆ ಉಪನ್ಯಾಸ ಕೊಟ್ಟ. ಕಲಕತ್ತೆಯ ಕಲಾಶಾಲೆಯ ಮುಖ್ಯಸ್ಥನಾಗಿದ್ದಾಗ ಅಲ್ಲಿನ ಯುರೋಪಿಯನ್ ಮಾದರಿಗಳನ್ನೆಲ್ಲ ಹೊರಹಾಕಿಸಿ ಬೈಸಿಕೊಂಡವನು ಅವನು. ಸಭೆಯ ಅಧ್ಯಕ್ಷ ಜಾರ್ಜ್ ಬರ್ಡ್‌ವುಡ್ ಭಾರತದ ಕರಕುಶಲ ಕೆಲಸವನ್ನು ಬಾಯ್ತುಂಬ ಹೊಗಳಿದ್ದ ಮನುಷ್ಯ. ಜಾವಾದ ಒಂದು ಬುದ್ಧಮೂರ್ತಿಯ ಚಿತ್ರ ತೋರಿಸಿ, ಕೊಬ್ಬು ಬೆರೆಸಿ ಬೇಯಿಸಿದ ಕಡುಬಿಗೂ ಇದಕ್ಕೂ ವ್ಯತ್ಯಾಸವಿಲ್ಲ ಎಂಬರ್ಥದ ಮಾತಾಡಿದ. ವಿಲಿಯಂ ರೋಥೆನ್‌ಸ್ಟೈನ್ ಮೊದಲಾದ ಕಲಾವಿದರು ‘ಟೈಮ್ಸ್’ ಪತ್ರಿಕೆಗೆ ಪ್ರತಿಭಟನೆಯ ಪತ್ರ ಬರೆದರು, ಅದೇ ವರ್ಷ ಇಂಡಿಯಾ ಸೊಸೈಟಿ ಹುಟ್ಟಿತು. ಅಪೋಲೋ ಅಂಟಿದ ಕಣ್ಣಿಗೆ ಸ್ನಾಯು ಕಾಣದ ಮೈ ಕಡುಬಾಗಿ ಕಂಡದ್ದು ಸಹಜವೇ. ಸ್ನಾಯು ಇಲ್ಲ, ಸರಿ. ಹಾಗಾದರೆ ಅಲ್ಲಿ ಇರುವುದೇನು ಎಂದು ಹೇಳಬೇಕಾದ ಹೊಣೆ ಈಗ ಭಾರತದವರ ತಲೆಯ ಮೇಲೆ ಬಿತ್ತು.

ಆ ಹೊತ್ತಿಗೆ ಕಲಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಮೈಸೂರಿನ ಒಬ್ಬ ಯುವಕನಿದ್ದ. ಅರಮನೆಯ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪ. 1909ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಅಲ್ಲಿಗೆ ಹೋಗಿದ್ದರು. ಮೈಸೂರಿನಲ್ಲಿ, ಮದ್ರಾಸಿನಲ್ಲಿ ಶಾಲೆಯ ಪಾಠ ಕಂಡಿದ್ದ ಕೈ ಅದು. ಅವನೀಂದ್ರನಾಥರು ಮೂರ್ತಿಯ ಅಂಗಾಂಗಗಳ ಲಕ್ಷಣದ ಮೇಲೆ ಬಂಗಾಳಿಯಲ್ಲಿ ಬರೆದದ್ದನ್ನು ಸುಕುಮಾರ ರಾಯ್ ಇಂಗ್ಲಿಷಿಗೆ ತಂದರು, 1914ರಲ್ಲಿ ಅದು ಚಿಕ್ಕ ಪುಸ್ತಕವಾಯಿತು. ಮೀನಿನ ಆಕಾರದ ಕಣ್ಣು, ಗಿಳಿಮೂಗು, ಹಸುವಿನ ಮುಖದಂಥ ಗಂಡಸಿನ ಎದೆ, ಆನೆಯ ಸೊಂಡಿಲಿನಂಥ ತೋಳು, ಬಾಳೆದಿಂಡಿನಂಥ ತೊಡೆ. ಕಾವ್ಯ ಓದುವ ಕನ್ನಡಿಗರಿಗೆ ಹೊಸದೇನೂ ಅಲ್ಲ. ಹೊಸದಾಗಿದ್ದು ಅವುಗಳ ಪಕ್ಕದ ಚಿತ್ರಗಳು. ಹಸುವಿನ ಮುಖದ ಹೊರಗೆರೆ ಹೇಗೆ ಎದೆಯಾಗುತ್ತದೆ, ನೆಟ್ಟಗೆ ನಿಂತ ಸಮಭಂಗ, ಮೂರು ಕಡೆ ಬಾಗಿದ ತ್ರಿಭಂಗಗಳಲ್ಲಿ ನೆತ್ತಿಯಿಂದ ಇಳಿಬಿಟ್ಟ ದಾರ ಮೈಯನ್ನು ಎಲ್ಲಿ ಮುಟ್ಟುತ್ತದೆ ಎಂದು ಗೆರೆಯಲ್ಲಿ ಬಿಡಿಸಿ ತೋರಿಸಿದವರು ನಂದಲಾಲ್ ಬೋಸ್ ಮತ್ತು ವೆಂಕಟಪ್ಪ. ಪ್ಲಾಸ್ಟರಿನ ದೇವತೆಗಳ ಸ್ನಾಯುಪಟಕ್ಕೆ ಸಾಟಿಯಾಗಿ ನಿಲ್ಲಬಲ್ಲ ಭಾರತೀಯ ಮೈಯ ಪಟ ಇದು. 1920ರಲ್ಲಿ ತಾಳಮಾನದ ಮೇಲೆ ಟಿ.ಎ. ಗೋಪಿನಾಥ ರಾಯರ ಇಡೀ ಪುಸ್ತಕವೇ ಪುರಾತತ್ವ ಇಲಾಖೆಯಿಂದ ಬಂತು. ಆಗಮಗಳ ಲೆಕ್ಕವೆಲ್ಲ ಕೋಷ್ಟಕವಾಗಿ ಅಚ್ಚಾಯಿತು.

ಆಗಮಗಳು ತಮಿಳುನಾಡಿನ ಕಂಚಿನ ಮೂರ್ತಿಗಳಿಗೆ ಒಪ್ಪಬಹುದು. ಕುರುವತ್ತಿಯ ಮದನಿಕೆಯ ಕಾಲ ದೇಶಕ್ಕೆ ಹತ್ತಿರದ ಮಾತು ಬೇಕಿತ್ತು. ಅದು ಮೈಸೂರಿನ ಓರಿಯಂಟಲ್ ಲೈಬ್ರರಿಯಿಂದ ಬಂತು. 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ ಲೋಕಕ್ಕೆ ಕೊಟ್ಟ ರುದ್ರಪಟ್ಣದ ಆರ್. ಶಾಮಶಾಸ್ತ್ರಿಗಳ ಹೆಸರು ಎಲ್ಲರಿಗೂ ಗೊತ್ತು. ಅವರೇ 1926ರಲ್ಲಿ ‘ಅಭಿಲಷಿತಾರ್ಥ ಚಿಂತಾಮಣಿ’ಯ ಮೊದಲ ಭಾಗವನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದು ಅಷ್ಟು ಸುದ್ದಿಯಾಗಲಿಲ್ಲ. ‘ಮಾನಸೋಲ್ಲಾಸ’ ಎಂದರೂ ಅದೇ. ಬರೆಸಿದವನು, ಬರೆದವನು ಎಂದೇ ಪ್ರಸಿದ್ಧನಾದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಕಾಲ ಸುಮಾರು 1130. ಕುರುವತ್ತಿಯ ಗುಡಿ ಎದ್ದದ್ದು ಹನ್ನೊಂದನೇ ಶತಮಾನದ ಕೊನೆಯ ಹೊತ್ತಿನಲ್ಲಿ, ಇವನ ಅಪ್ಪ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಒಂದೇ ಅರಸುಮನೆ, ಒಂದೇ ತಲೆಮಾರಿನ ಅಂತರ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಅಡುಗೆ, ಆನೆ, ಕುಸ್ತಿ, ಮೀನು ಹಿಡಿಯುವುದು, ಸಂಗೀತ ಎಲ್ಲವೂ ಇವೆ ಎಂದು ಜನ ಅದರಲ್ಲಿ ಇಡ್ಲಿಯ ಮೂಲ ಹುಡುಕುತ್ತಾರೆ. ಅರಸನ ಮನೆಯ ಭೋಗಗಳ ಅಧ್ಯಾಯದಲ್ಲಿ, ಮನೆ ಕಟ್ಟುವ ಮಾತಿಗೆ ಹೊಂದಿಕೊಂಡು ಗೋಡೆಗೆ ಚಿತ್ರ ಬರೆಯುವ ಕ್ರಮ ಬರುತ್ತದೆ. ನಮ್ಮ ನಾಡಿನ ಡ್ರಾಯಿಂಗ್ ಪಾಠ ಎಂದರೆ ಅದೇ.

ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಾಗುವಷ್ಟು ಬೇಯಿಸಿ ಕಡ್ಡಿಗಳಾಗಿ ಒಣಗಿಸಿಟ್ಟರೆ ವಜ್ರಲೇಪ. ಬಿಳಿಮಣ್ಣಿಗೆ ಅದನ್ನು ಬೆರೆಸಿ ಗೋಡೆಗೆ ಮೂರು ಸಲ ಬಳಿಯಬೇಕು. ಕಾಡಿಗೆಗೆ ಅನ್ನದ ಗಂಜಿ ಕಲಸಿ ಉಂಡೆಗಟ್ಟಿದ ಬತ್ತಿಯಿಂದ ಮೊದಲ ಗೆರೆ. ಕರುವಿನ ಕಿವಿಯ ಕೂದಲಿನ ಕುಂಚ, ದಪ್ಪ, ನಡು, ಸಣ್ಣ ಎಂದು ಮೂರು ಅಳತೆಯವು. ಇವೆಲ್ಲ ಮುಗಿದ ಮೇಲೆ ಮೈಯ ಲೆಕ್ಕ. ನೆತ್ತಿಯಿಂದ ಪಾದದ ನಡುವಿಗೆ ಇಳಿಯುವ ಕಾಣದ ಗೆರೆ ಬ್ರಹ್ಮಸೂತ್ರ, ಎರಡೂ ಮಗ್ಗುಲಿನ ಗೆರೆಗಳು ಪಕ್ಷಸೂತ್ರ. ನೇರ ಎದುರಿಗೆ ನಿಂತ ಮೈಗೆ ಋಜು ಎಂದು ಹೆಸರು, ನಡುಗೆರೆಯಿಂದ ಎರಡೂ ಕಡೆಗೆ ಆರಾರು ಅಂಗುಲ. ಮೈ ಕೊಂಚ ತಿರುಗಿದರೆ ಒಂದು ಕಡೆ ಎಂಟು, ಇನ್ನೊಂದು ಕಡೆ ನಾಲ್ಕು. ಮತ್ತೂ ತಿರುಗಿದರೆ ಹತ್ತು ಮತ್ತು ಎರಡು, ಆಮೇಲೆ ಹನ್ನೊಂದು ಮತ್ತು ಒಂದು. ಪೂರಾ ಪಕ್ಕಕ್ಕೆ ತಿರುಗಿದರೆ ಒಂದೇ ಮಗ್ಗುಲು, ಅದು ಭಿತ್ತಿಕ. ತಿರುಗಿದ ಮೈಯ ಆಚೆ ಬದಿ ಕುಗ್ಗಿ ಕಾಣುವುದನ್ನು ಲಂಡನ್ನಿನ ಹುಡುಗ ಪ್ಲಾಸ್ಟರಿನ ಮುಂದೆ ತಿಂಗಳುಗಟ್ಟಲೆ ಕೂತು ಕಣ್ಣಳತೆಯಲ್ಲಿ ಕಲಿಯುತ್ತಿದ್ದ. ಕಲ್ಯಾಣದ ಚಿತ್ರಗಾರ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದ. ಕಲಿತ ಕೈಗೆ ಯಾವುದು ಮೇಲು ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಆದರೆ ಇವರಿಗೆ ಮೈಯ ಪರಿವೆ ಇರಲಿಲ್ಲ ಎಂಬ ರಸ್ಕಿನ್ನನ ತೀರ್ಪು ಈ ಪುಟದ ಮುಂದೆ ನಿಲ್ಲುವುದಿಲ್ಲ.

ಉದ್ದದ ಲೆಕ್ಕಕ್ಕೆ ಶಿಲ್ಪಶಾಸ್ತ್ರಗಳ ಮೂಲಮಾನ ತಾಳ, ಅಂದರೆ ಹನ್ನೆರಡು ಅಂಗುಲ. ನವತಾಳದ ಮೈಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗೆ: ಮುಖ 12, ಕುತ್ತಿಗೆ 4, ಅಲ್ಲಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ತೊಡೆಸಂದಿಗೆ 12, ತೊಡೆ 24, ಮಂಡಿ 4, ಮಂಡಿಯ ಕೆಳಗಿನ ಕಾಲು 24, ಪಾದದ ಎತ್ತರ 4. ಕೂಡಿದರೆ 108. ತಾಳ ಎಂದರೆ ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಅಂಗೈ, ಮುಖವೂ ಅಷ್ಟೇ ಉದ್ದ. ಈಗ ರೋಮಿನ ವಿಟ್ರೂವಿಯಸ್‌ನನ್ನು ತೆಗೆಯಿರಿ. ಯುರೋಪಿನ ಅಕಾಡೆಮಿಗಳಿಗೆಲ್ಲ ಅವನೇ ಪಂಚಾಂಗ. ಗಲ್ಲದಿಂದ ಹಣೆಯ ಕೂದಲಿನವರೆಗೆ ಮುಖ ಮೈಯ ಹತ್ತನೇ ಒಂದು ಭಾಗ, ಮಣಿಕಟ್ಟಿನಿಂದ ನಡುಬೆರಳ ತುದಿಗೆ ಅಂಗೈಯೂ ಅಷ್ಟೇ, ಗಲ್ಲದಿಂದ ನೆತ್ತಿಗೆ ತಲೆ ಎಂಟನೇ ಒಂದು ಭಾಗ. ಮೇಷ್ಟ್ರ ಎಂಟು ತಲೆ ಇದೇ. ಅಂಗೈಯಷ್ಟು ಮುಖ ಎಂಬಲ್ಲಿಂದಲೇ ಇಬ್ಬರೂ ಹೊರಟಿದ್ದಾರೆ. ಯಾರಿಂದ ಯಾರು ಕಲಿತರು ಎಂದು ಕೇಳುವ ಚಪಲ ನನಗಿಲ್ಲ. ಅಂಗೈಯನ್ನು ಮುಖದ ಮೇಲಿಟ್ಟುಕೊಂಡ ಯಾರಿಗಾದರೂ ಹೊಳೆಯುವಂಥದ್ದು ಅದು. ಬೇರೆಯಾಗುವುದು ಮುಂದಿನ ದಾರಿ. ಗ್ರೀಕರು ಆ ಅಳತೆಯ ಮೇಲೆ ಸ್ನಾಯು ಕಟ್ಟಿದರು, ನಮ್ಮವರು ಆ ಅಳತೆಯೊಳಗೆ ಉಸಿರು ತುಂಬಿದಂಥ ನುಣುಪು ಮೈ ಕಟ್ಟಿದರು.

ಯುರೋಪಿನವರಿಗೆ ಪುಸ್ತಕ ಕಳೆದಿತ್ತು, ಕಲ್ಲು ಸಿಕ್ಕಿತು, ಒಬ್ಬ ಫ್ರೀಡೆರಿಕ್ಸ್ ಬಂದ. ನಮಗೆ ಕಲ್ಲು ಊರ ನಡುವೆ ಪೂಜೆಗೊಳ್ಳುತ್ತ ನಿಂತೇ ಇತ್ತು, ಪುಸ್ತಕವೂ ಕಟ್ಟುಗಳಲ್ಲಿ ಉಳಿದಿತ್ತು. ರೀ ಕಲ್ಲಿನ ಬಳಿ ಬಂದಾಗ ಪುಸ್ತಕ ಅಚ್ಚಾಗಿರಲಿಲ್ಲ, ಶಾಸ್ತ್ರಿಗಳು ಪುಸ್ತಕ ಅಚ್ಚು ಹಾಕಿಸಿದಾಗ ಕುರುವತ್ತಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬರೋಡಾದ ಗಾಯಕವಾಡ ಮಾಲೆಯಲ್ಲಿ ‘ಮಾನಸೋಲ್ಲಾಸ’ 1925, 1939, 1961ರಲ್ಲಿ ಮೂರು ಸಂಪುಟಗಳಾಗಿ ಬಂತು. ವಿ. ರಾಘವನ್ 1933ರಲ್ಲಿ ಸಂಸ್ಕೃತದ ಚಿತ್ರಗ್ರಂಥಗಳ ಮೇಲೆ ಬರೆದಾಗ ಮೈಸೂರಿನ ಮುದ್ರಣವನ್ನೇ ಹಿಡಿದರು. ಪುಸ್ತಕ ವಿದ್ವಾಂಸರ ಕಪಾಟಿನ ದಾರಿ ಹಿಡಿಯಿತು, ಮದನಿಕೆ ಪ್ರವಾಸಿಗರ ಕ್ಯಾಮೆರಾದ ದಾರಿ. ಕಸುಬಿನವರು ಮಾತ್ರ ಯಾವ ಪುಸ್ತಕಕ್ಕೂ ಕಾಯದೆ ನಡೆದರು. ಸ್ವಾಮಿಮಲೈಯ ಕಂಚುಗಾರರು ಇಂದಿಗೂ ತೆಂಗಿನ ಗರಿಯ ಪಟ್ಟಿಯನ್ನು ಮೂರ್ತಿಯ ಎತ್ತರಕ್ಕೆ ಕತ್ತರಿಸಿ, ಮಡಿಸಿ ಮಡಿಸಿ ತಾಳದ ಗುರುತು ಮಾಡಿಕೊಳ್ಳುತ್ತಾರೆ. ಸೋಮೇಶ್ವರನೂ ಹಾಗೆ ಮಡಿಸುತ್ತಿದ್ದವರಿಂದಲೇ ಕೇಳಿ ಬರೆಸಿರಬೇಕು ಎಂಬುದು ನನ್ನ ಅನಿಸಿಕೆ. ಕಲ್ಲು ಪುಸ್ತಕಕ್ಕಿಂತ ಹಿರಿದು ಎಂಬುದೇ ಅದಕ್ಕೆ ಆಧಾರ.

ಕುರುವತ್ತಿಗೆ ಹೋಗುವವರು ಒಂದು ಕೆಲಸ ಮಾಡಬಹುದು. ಮದನಿಕೆಯ ಫೋಟೋ ತೆಗೆಯುವಾಗ ಕೆಳಗೆ ನಿಂತು ಮೇಲೆ ನೋಡುತ್ತ ತೆಗೆದರೆ ಕಾಲು ಉದ್ದವಾಗಿ, ತಲೆ ಸಣ್ಣದಾಗಿ ಲೆಕ್ಕ ಕೆಡುತ್ತದೆ, ಆದಷ್ಟು ದೂರ ಸರಿದು ಜೂಮ್ ಮಾಡಬೇಕು. ಕೂದಲಿನ ಅಂಚಿನಿಂದ ಗಲ್ಲದವರೆಗೆ ಒಂದು ಕಾಗದದ ಪಟ್ಟಿ ಕತ್ತರಿಸಿಕೊಳ್ಳಿ. ಮೈ ಮೂರು ಕಡೆ ಬಾಗಿದೆ, ಹಾಗಾಗಿ ಪಟ್ಟಿಯನ್ನು ನೆಟ್ಟಗೆ ಇಳಿಸದೆ ಎದೆ, ನಡು, ತೊಡೆ ಯಾವ ಕಡೆ ವಾಲಿದೆಯೋ ಆ ಕಡೆ ವಾಲಿಸಿ ಇಡುತ್ತ ಬನ್ನಿ. ಹೊಕ್ಕುಳು ಎಷ್ಟನೇ ಪಟ್ಟಿಗೆ ಬಂತು, ಮಂಡಿ ಎಷ್ಟನೆಯದಕ್ಕೆ ಎಂದು ಬರೆದುಕೊಳ್ಳಿ. ಆಮೇಲೆ ಅದೇ ಪಟ್ಟಿಯ ಆಟವನ್ನು ಗುಡೇಕೋಟೆಯ ಶಾಲೆಯ ಗೋಡೆಯ ಮೇಲಿನ ಓಬವ್ವನ ಮೇಲೂ ಆಡಿ, ಎರಡು ಲೆಕ್ಕವನ್ನೂ ಡ್ರಾಯಿಂಗ್ ಮೇಷ್ಟ್ರಿಗೆ ತೋರಿಸಿ. ಅವರು ಒಪ್ಪದೆ ಜಗಳಕ್ಕೆ ಬಂದರೆ ಇನ್ನೂ ಒಳ್ಳೆಯದು.